ಲ್ಯಾಪ್‌ಟಾಪ್ ಬಾಳಿಕೆಯ ಲೆಕ್ಕ ಯಾರ ಬಳಿ ಇದೆ?

2009ರ ನವೆಂಬರಿನಲ್ಲಿ ಅಮೆರಿಕದ ಸ್ಕ್ವೇರ್‌ಟ್ರೇಡ್ ಎಂಬ ಕಂಪನಿ ಒಂದು ಪಟ್ಟಿ ಹೊರಡಿಸಿತು. ತಾನು ವಾರಂಟಿ ಮಾರಿದ್ದ 30,000 ಲ್ಯಾಪ್‌ಟಾಪ್‌ಗಳ ದಾಖಲೆ ತೆಗೆದು, ಯಾವ ಬ್ರ್ಯಾಂಡ್ ಎಷ್ಟು ಕೆಡುತ್ತದೆ ಎಂದು ಲೆಕ್ಕ ಹಾಕಿತ್ತು. ಮೂರು ವರ್ಷದೊಳಗೆ ಯಂತ್ರದ್ದೇ ದೋಷದಿಂದ ಕೆಡುವ ಅಂದಾಜು ಪ್ರಮಾಣ ಏಸಸ್‌ಗೆ ಶೇ 15.6, ತೋಷಿಬಾಗೆ 15.7, ಸೋನಿಗೆ 16.8, ಆ್ಯಪಲ್‌ಗೆ 17.4. ಡೆಲ್ 18.3ಕ್ಕೆ, ಲೆನೊವೊ 21.5ಕ್ಕೆ, ಏಸರ್ 23.3ಕ್ಕೆ ನಿಂತವು. ಒಂಬತ್ತು ಹೆಸರುಗಳಲ್ಲಿ ಕೊನೆಯದು ಎಚ್‌ಪಿ, ಶೇ 25.6.

ಪಟ್ಟಿಯ ಮುಂದಿನ ಕಥೆ ಗಮನಿಸಬೇಕಾದದ್ದು. ಮೂರನೆಯ ಸ್ಥಾನದ ಸೋನಿ 2014ರಲ್ಲಿ ತನ್ನ ವೈಯೊ ವ್ಯವಹಾರವನ್ನು ಮಾರಿತು. ಎರಡನೆಯ ಸ್ಥಾನದ ತೋಷಿಬಾ 2018ರಲ್ಲಿ ಬಹುಪಾಲನ್ನು ಶಾರ್ಪ್‌ಗೆ ಕೊಟ್ಟು, 2020ರಲ್ಲಿ ಉಳಿದದ್ದನ್ನೂ ಬಿಟ್ಟು, ಈ ರಂಗದಿಂದ ಪೂರ್ತಿ ಹೊರನಡೆಯಿತು. ಕೊನೆಯಲ್ಲಿದ್ದ ಎಚ್‌ಪಿ ಇವತ್ತು ಜಗತ್ತಿನ ಮೊದಲ ಎರಡು ಮಾರಾಟಗಾರರಲ್ಲಿ ಒಂದು. ಭಾರತದಲ್ಲಿ ಅದರದ್ದೇ ಮೇಲುಗೈ. ಬಾಳಿಕೆ ಬರುವ ವಸ್ತು ಮಾಡಿದವನು ಮಾರುಕಟ್ಟೆಯಲ್ಲಿ ಉಳಿಯುತ್ತಾನೆ ಎಂಬ ನಂಬಿಕೆಗೆ ಇಲ್ಲಿ ಆಧಾರ ಸಿಗುವುದಿಲ್ಲ. ಆ ಪಟ್ಟಿಯೇ ತಪ್ಪಿತ್ತೆ? ಕೊಳ್ಳುವವರು ಬಾಳಿಕೆಯನ್ನು ನೋಡುವುದೇ ಇಲ್ಲವೆ? ಅಥವಾ ಬ್ರ್ಯಾಂಡಿನ ಹೆಸರು ಹಿಡಿದು ಬಾಳಿಕೆ ಅಳೆಯುವುದೇ ಸರಿಯಲ್ಲವೆ?

ಕಾಲೇಜು ಶುರುವಾಗುವ ಹೊತ್ತಿಗೆ ಊರೂರಲ್ಲಿ ಕೇಳಿಬರುವ ಮಾತು ಒಂದೇ: ‘ಯಾವ ಕಂಪನೀದು ತಗೊಂಡ್ರೆ ಒಳ್ಳೇದು?’ ಐವತ್ತು ಸಾವಿರ ರೂಪಾಯಿ ಹೊಂದಿಸಲು ತಿಂಗಳುಗಟ್ಟಲೆ ಉಳಿತಾಯ ಮಾಡಿದ ಮನೆಯವರು ಕೇಳುವ ಪ್ರಶ್ನೆ ಅದು. ಅದಕ್ಕೆ ಸಿಗುವ ಉತ್ತರವೆಲ್ಲ ಒಬ್ಬರ ಒಂದು ಯಂತ್ರದ ಅನುಭವ. ಒಬ್ಬರಿಗೆ ಎಂಟು ವರ್ಷ ನಡೆದದ್ದು ಇನ್ನೊಬ್ಬರಿಗೆ ಎಂಟು ತಿಂಗಳಿಗೆ ಕೆಟ್ಟಿರುತ್ತದೆ, ಇಬ್ಬರೂ ಹೇಳುವುದು ನಿಜ. ಈ ಪ್ರಶ್ನೆಯ ಸುತ್ತ ಎಂಜಿನಿಯರುಗಳು, ಅರ್ಥಶಾಸ್ತ್ರಜ್ಞರು, ಕಾನೂನು ಬಲ್ಲವರು ದಶಕಗಳಿಂದ ಯೋಚಿಸಿದ್ದಾರೆ. ಅವರು ಏನೇನು ಕಂಡುಕೊಂಡರು, ಎಲ್ಲಿ ಒಪ್ಪುವುದಿಲ್ಲ ಎಂಬುದನ್ನು ಒಂದೆಡೆ ಇಡುವ ಪ್ರಯತ್ನ ಇದು.

ದೋಷಗಳು ಬೀದಿಗೆ ಬಂದ ವರ್ಷಗಳು

ತೋಷಿಬಾದ ಟಿ1100 ಯಂತ್ರ 1985ರಲ್ಲಿ ಬಂದಾಗ ಲ್ಯಾಪ್‌ಟಾಪ್ ಎಂದರೆ ಕಂಪನಿಗಳು ಕೊಳ್ಳುವ ದುಬಾರಿ ಸಾಮಾನು. ಕೆಟ್ಟರೆ ರಿಪೇರಿ ಮಾಡಿಸಲು ಆಫೀಸಿನಲ್ಲಿ ಜನ ಇರುತ್ತಿದ್ದರು. 2000ದ ನಂತರ ಬೆಲೆ ಇಳಿದು ಅದು ಮನೆಗಳಿಗೆ ಬಂತು. ಆಗಲೇ ಬಾಳಿಕೆಯ ಪ್ರಶ್ನೆ ಸಾರ್ವಜನಿಕ ಪ್ರಶ್ನೆಯಾಯಿತು.

2006ರ ಆಗಸ್ಟಿನಲ್ಲಿ ಡೆಲ್ 41 ಲಕ್ಷ ಬ್ಯಾಟರಿಗಳನ್ನು ವಾಪಸು ಕರೆಯಿತು. ಕೆಲವೇ ದಿನಗಳಲ್ಲಿ ಆ್ಯಪಲ್ 18 ಲಕ್ಷ ಬ್ಯಾಟರಿಗಳನ್ನು ಹಿಂಪಡೆಯಿತು. ಎರಡೂ ಕಂಪನಿಗಳ ಬ್ಯಾಟರಿಯೊಳಗಿನ ಸೆಲ್‌ಗಳು ಸೋನಿ ಮಾಡಿದವು. ತಯಾರಿಕೆಯ ವೇಳೆ ಸೆಲ್ ಒಳಗೆ ಸೇರಿಕೊಂಡ ಲೋಹದ ಸೂಕ್ಷ್ಮ ಕಣಗಳು ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯವಿತ್ತು. ಪೈಪೋಟಿಗೆ ಬಿದ್ದ ಎರಡು ಬ್ರ್ಯಾಂಡುಗಳ ಹೊಟ್ಟೆಯಲ್ಲಿ ಒಂದೇ ಕಾರ್ಖಾನೆಯ ದೋಷ ಇರಬಹುದು ಎಂಬುದು ಸಾಮಾನ್ಯ ಗ್ರಾಹಕರಿಗೆ ಗೊತ್ತಾದದ್ದು ಬಹುಶಃ ಆಗಲೇ.

ಎರಡೇ ವರ್ಷಕ್ಕೆ ಅದೇ ಪಾಠ ಇನ್ನೂ ದೊಡ್ಡದಾಗಿ ಬಂತು. 2008ರ ಜುಲೈಯಲ್ಲಿ ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾ, ತನ್ನ ಕೆಲವು ಚಿಪ್‌ಗಳ ಪ್ಯಾಕೇಜಿಂಗಿನಲ್ಲಿ ಬಳಸಿದ ವಸ್ತು ದುರ್ಬಲವಾಗಿದೆ ಎಂದು ಒಪ್ಪಿಕೊಂಡು 15 ಕೋಟಿಯಿಂದ 20 ಕೋಟಿ ಡಾಲರ್ ತೆಗೆದಿರಿಸಿತು. ಚಿಪ್ ಬಿಸಿಯಾದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ದಿನಕ್ಕೆ ಹತ್ತು ಸಲ ನಡೆಯುವ ಈ ಕ್ರಿಯೆಯಲ್ಲಿ ಚಿಪ್ಪಿನ ಕೆಳಗಿನ ಬೆಸುಗೆಯ ಗುಳ್ಳೆಗಳು ಬಿರುಕು ಬಿಡುತ್ತಿದ್ದವು. ಡೆಲ್, ಎಚ್‌ಪಿ, ಆ್ಯಪಲ್ ಮೂವರ ಯಂತ್ರಗಳೂ ಇದಕ್ಕೆ ಸಿಕ್ಕವು. ಎಚ್‌ಪಿ ತನ್ನ ಪೆವಿಲಿಯನ್ ಡಿವಿ ಸರಣಿಯ ಹಲವು ಮಾದರಿಗಳ ವಾರಂಟಿ ವಿಸ್ತರಿಸಬೇಕಾಯಿತು. 2009ರ ಪಟ್ಟಿಯಲ್ಲಿ ಎಚ್‌ಪಿ ಕೊನೆಗೆ ಬಿದ್ದದ್ದಕ್ಕೆ ಈ ಒಂದು ಚಿಪ್ಪಿನ ಪಾಲು ದೊಡ್ಡದಿರಬೇಕು ಎಂದು ನನ್ನ ಊಹೆ. ಹಾಗಿದ್ದರೆ ಆ ಶೇ 25.6 ಎಂಬ ಅಂಕಿ ಒಂದು ಕಂಪನಿಯ ಗುಣವನ್ನು ಹೇಳುತ್ತಿರಲಿಲ್ಲ, ಒಂದು ಕಾಲದ ಒಂದು ಬಿಡಿಭಾಗದ ಕಥೆ ಹೇಳುತ್ತಿತ್ತು.

ಆ್ಯಪಲ್‌ನ ‘ಬಟರ್‌ಫ್ಲೈ’ ಕೀಬೋರ್ಡ್ ಬೇರೆ ಬಗೆಯ ದೋಷ. ಯಂತ್ರವನ್ನು ಇನ್ನಷ್ಟು ತೆಳ್ಳಗೆ ಮಾಡಲು 2015ರಲ್ಲಿ ತಂದ ಈ ವಿನ್ಯಾಸದಲ್ಲಿ ಒಂದು ದೂಳಿನ ಕಣ ಸೇರಿದರೂ ಕೀಲಿ ಕೂರುತ್ತಿತ್ತು, ಇಲ್ಲವೆ ಒಂದೇ ಅಕ್ಷರ ಎರಡು ಸಲ ಮೂಡುತ್ತಿತ್ತು. 2018ರ ಜೂನ್‌ನಲ್ಲಿ ಉಚಿತ ರಿಪೇರಿ ಯೋಜನೆ ಬಂತು, 2019ರ ಕೊನೆಯಿಂದ ವಿನ್ಯಾಸವನ್ನೇ ಕೈಬಿಡತೊಡಗಿದರು, 2022ರಲ್ಲಿ ಅಮೆರಿಕದ ಗ್ರಾಹಕರ ಸಾಮೂಹಿಕ ಮೊಕದ್ದಮೆ 5 ಕೋಟಿ ಡಾಲರ್‌ಗೆ ರಾಜಿಯಾಯಿತು. ಇಲ್ಲಿ ಹೊರಗಿನ ಪೂರೈಕೆದಾರನ ತಪ್ಪಿರಲಿಲ್ಲ. ತೆಳುವಾಗಬೇಕೆಂಬ ಹಟಕ್ಕೆ ಬಾಳಿಕೆ ಬಲಿಯಾಗಿತ್ತು. ಬಾಳಿಕೆಯಲ್ಲಿ ಒಳ್ಳೆಯ ಹೆಸರಿರುವ ಕಂಪನಿಯೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಮಾರುತ್ತ ಹೋಯಿತು ಎಂಬುದನ್ನು ಮರೆಯಬಾರದು.

ಬ್ರ್ಯಾಂಡ್ ಲೆಕ್ಕ ಹಾಕುವವರು

ಒಂದು ಗುಂಪು ನಂಬುವುದು ಎಣಿಕೆಯನ್ನು: ಸಾಕಷ್ಟು ಯಂತ್ರಗಳನ್ನು ಎಣಿಸಿದರೆ ಒಬ್ಬೊಬ್ಬರ ಅದೃಷ್ಟ, ದುರದೃಷ್ಟಗಳು ಸಮನಾಗಿ, ಬ್ರ್ಯಾಂಡಿನ ನಿಜಗುಣ ಮೇಲೆ ಬರುತ್ತದೆ. ಸ್ಕ್ವೇರ್‌ಟ್ರೇಡ್ ಮಾಡಿದ್ದು ಅದನ್ನೇ. ಅಮೆರಿಕದ ಕನ್‌ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ತನ್ನ ಚಂದಾದಾರರ ಸಮೀಕ್ಷೆಯ ಮೂಲಕ ವರ್ಷ ವರ್ಷ ಮಾಡುತ್ತ ಬಂದಿರುವುದೂ ಅದನ್ನೇ. 2017ರಲ್ಲಿ ಆ ಪತ್ರಿಕೆ ಸುಮಾರು 90,000 ಯಂತ್ರಗಳ ಸಮೀಕ್ಷೆ ಆಧರಿಸಿ, ಮೈಕ್ರೋಸಾಫ್ಟ್‌ನ ಸರ್ಫೇಸ್ ಯಂತ್ರಗಳಲ್ಲಿ ಶೇ 25ರಷ್ಟು ಎರಡು ವರ್ಷದೊಳಗೆ ತೊಂದರೆ ಕೊಡುತ್ತವೆ ಎಂದು ಅಂದಾಜಿಸಿ, ತನ್ನ ಶಿಫಾರಸನ್ನು ಹಿಂತೆಗೆದುಕೊಂಡಿತು. ಮೈಕ್ರೋಸಾಫ್ಟ್ ಇದನ್ನು ಒಪ್ಪಲಿಲ್ಲ. ಮರುವರ್ಷ ಅಂಕಿಗಳು ಸುಧಾರಿಸಿದಾಗ ಪತ್ರಿಕೆ ಶಿಫಾರಸನ್ನು ಮರಳಿ ಕೊಟ್ಟಿತು. ಎಣಿಕೆಗೆ ಬಲವಿದೆ ಎಂಬುದಕ್ಕೆ ಇದೇ ಸಾಕ್ಷಿ: ಹೊರಗಿನವರು ಎಣಿಸುತ್ತಿದ್ದಾರೆಂದು ಗೊತ್ತಾದರೆ ಕಂಪನಿ ಎಚ್ಚೆತ್ತುಕೊಳ್ಳುತ್ತದೆ.

ಆದರೆ ಈ ದಾರಿಯ ದೌರ್ಬಲ್ಯಗಳೂ ಗಟ್ಟಿಯಾದವೇ. ಸ್ಕ್ವೇರ್‌ಟ್ರೇಡ್ ತಾನೇ ವಿಸ್ತರಿತ ವಾರಂಟಿ ಮಾರುವ ಕಂಪನಿ; ಮೂರರಲ್ಲಿ ಒಂದು ಲ್ಯಾಪ್‌ಟಾಪ್ ಮೂರು ವರ್ಷದೊಳಗೆ ಕೈಕೊಡುತ್ತದೆ ಎಂಬ ಸುದ್ದಿ ಹಬ್ಬಿದಷ್ಟೂ ಅದಕ್ಕೆ ವ್ಯಾಪಾರ. ಶೇ 31ರ ಆ ಮೊತ್ತದಲ್ಲಿ ಶೇ 10.6 ಬಿದ್ದು, ನೀರು ಚೆಲ್ಲಿ ಹಾಳಾದವು, ಯಂತ್ರದ ದೋಷದವಲ್ಲ. ಚಂದಾದಾರರ ಸಮೀಕ್ಷೆ ಎಂದರೆ ಅಮೆರಿಕದ ಒಂದು ವರ್ಗದವರ ಬಳಕೆ. ಹವಾನಿಯಂತ್ರಿತ ಕೋಣೆಯ ಯಂತ್ರದ ಲೆಕ್ಕ ಕಲಬುರಗಿಯ ಬೇಸಿಗೆಗೆ ಹೊಂದುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. ಮೂರು ವರ್ಷದ ಬಾಳಿಕೆ ತಿಳಿಯಲು ಮೂರು ವರ್ಷ ಕಾಯಬೇಕು. ಅಷ್ಟರಲ್ಲಿ ಆ ಮಾದರಿ ಅಂಗಡಿಯಲ್ಲಿ ಸಿಗುವುದೇ ಇಲ್ಲ.

ಒಳ್ಳೆಯ ಲೆಕ್ಕ ಅಸಾಧ್ಯವೇನೂ ಅಲ್ಲ. ಹಾರ್ಡ್ ಡಿಸ್ಕ್‌ಗಳ ವಿಷಯದಲ್ಲಿ ಬ್ಯಾಕ್‌ಬ್ಲೇಜ್ ಎಂಬ ದತ್ತಾಂಶ ಸಂಗ್ರಹಣಾ ಕಂಪನಿ 2013ರಿಂದ ತನ್ನ ಪ್ರತಿಯೊಂದು ಡಿಸ್ಕ್‌ನ ದಿನದಿನದ ದಾಖಲೆ ಇಟ್ಟು, ಯಾವ ಮಾದರಿ ಎಷ್ಟು ಕೆಟ್ಟಿತು ಎಂಬುದನ್ನು ಎಲ್ಲರಿಗೂ ತೆರೆದಿಟ್ಟಿದೆ. ಅದಕ್ಕೂ ಮೊದಲು, 2007ರಲ್ಲಿ, ಗೂಗಲ್ ತನ್ನ ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿ, ಬಿಸಿಯೇ ಡಿಸ್ಕ್‌ನ ಮುಖ್ಯ ಶತ್ರು ಎಂಬ ರೂಢಿಯ ನಂಬಿಕೆ ಅಂದುಕೊಂಡಷ್ಟು ನಿಜವಲ್ಲ ಎಂದು ತೋರಿಸಿತು. ಲ್ಯಾಪ್‌ಟಾಪ್‌ಗಳಿಗೆ ಇಂಥ ಒಂದು ತೆರೆದ ಲೆಕ್ಕ ಇಲ್ಲ. ಕಂಪನಿಗಳ ಬಳಿ ಇದೆ: ಪ್ರತಿ ಸೀರಿಯಲ್ ನಂಬರಿಗೂ ಯಾವ ಭಾಗ ಎಂದು ಬದಲಾಯಿತು ಎಂಬ ದಾಖಲೆ ಅವರ ಕಂಪ್ಯೂಟರಿನಲ್ಲಿ ಕೂತಿದೆ. ಅಮೆರಿಕದ ಲೆಕ್ಕಪತ್ರ ನಿಯಮಗಳು 2002ರ ನಂತರ ವಾರಂಟಿಗೆ ಕಂಪನಿ ಎಷ್ಟು ಹಣ ತೆಗೆದಿಟ್ಟಿತು, ಎಷ್ಟು ಖರ್ಚು ಮಾಡಿತು ಎಂದು ಹೇಳುವಂತೆ ಮಾಡಿವೆ. ಆದರೆ ಆ್ಯಪಲ್ ಫೋನು, ಲ್ಯಾಪ್‌ಟಾಪು ಎಲ್ಲವನ್ನೂ ಒಂದೇ ಮೊತ್ತದಲ್ಲಿ ಹೇಳುತ್ತಿತ್ತು. ಷೇರುದಾರನಿಗೆ ಅಷ್ಟು ಸಾಕು, ಕೊಳ್ಳುವವರಿಗೆ ಅದರಿಂದ ಏನೂ ತಿಳಿಯದು.

‘ಹೆಸರಲ್ಲ, ಸರಣಿ ನೋಡಿ’

ರಿಪೇರಿ ಮಾಡುವವರನ್ನು ಕೇಳಿದರೆ ಬ್ರ್ಯಾಂಡಿನ ಮಾತನ್ನು ಬದಿಗಿಡುತ್ತಾರೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಯಾವುದೇ ರಿಪೇರಿ ಅಂಗಡಿಯಲ್ಲಿ ಈ ವಾದ ಸಿಗುತ್ತದೆ: ಲೆನೊವೊದ ಥಿಂಕ್‌ಪ್ಯಾಡ್ ಬೇರೆ, ಐಡಿಯಾಪ್ಯಾಡ್ ಬೇರೆ, ಡೆಲ್‌ನ ಲ್ಯಾಟಿಟ್ಯೂಡ್ ಬೇರೆ, ಇನ್‌ಸ್ಪಿರಾನ್ ಬೇರೆ, ಎಚ್‌ಪಿಯ ಎಲೀಟ್‌ಬುಕ್ ಬೇರೆ, ಪೆವಿಲಿಯನ್ ಬೇರೆ. ಕಚೇರಿಗಳಿಗೆ ಸಾವಿರಗಟ್ಟಲೆ ಮಾರುವ ಸರಣಿಗಳಲ್ಲಿ ಹಿಂಜ್ ಲೋಹದ ಚೌಕಟ್ಟಿಗೆ ಕೂತಿರುತ್ತದೆ, ಬಿಡಿಭಾಗ ವರ್ಷಗಟ್ಟಲೆ ಸಿಗುತ್ತದೆ, ಬಿಚ್ಚುವ ಕೈಪಿಡಿಯನ್ನು ಕಂಪನಿಯೇ ಕೊಡುತ್ತದೆ. ಅಗ್ಗದ ಸರಣಿಗಳಲ್ಲಿ ಹಿಂಜ್‌ನ ಸ್ಕ್ರೂ ಪ್ಲಾಸ್ಟಿಕ್ಕಿನಲ್ಲಿ ಹೂತ ಹಿತ್ತಾಳೆಯ ಸಣ್ಣ ನಟ್ಟನ್ನು ನೆಚ್ಚಿಕೊಂಡಿರುತ್ತದೆ. ಒಂದೂವರೆ ವರ್ಷ ತೆರೆದು ಮುಚ್ಚಿದ ಮೇಲೆ ಹಿಂಜ್ ಬಿಗಿಯಾಗಿ ಪ್ಲಾಸ್ಟಿಕ್ ಸೀಳುತ್ತದೆ. ವಾರಂಟಿ ಅಷ್ಟರಲ್ಲಿ ಮುಗಿದಿರುತ್ತದೆ.

ಈ ವಾದಕ್ಕೆ ಕಾರ್ಖಾನೆಯ ಕಡೆಯಿಂದಲೂ ಬಲವಿದೆ. ಜಗತ್ತಿನ ಬಹುಪಾಲು ಲ್ಯಾಪ್‌ಟಾಪ್‌ಗಳನ್ನು ತಯಾರಿಸುವುದು ತೈವಾನಿನ ಕ್ವಾಂಟಾ, ಕಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್, ಪೆಗಾಟ್ರಾನ್‌ಗಳಂಥ ಕೆಲವೇ ಕಂಪನಿಗಳು. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದು, 2023ರಲ್ಲಿ ಆ ಘಟಕವನ್ನು ಟಾಟಾಗೆ ಮಾರಿದ ವಿಸ್ಟ್ರಾನ್ ನಮ್ಮವರಿಗೆ ಪರಿಚಿತ. ಒಂದೇ ತಯಾರಕ ಎರಡು ಮೂರು ಬ್ರ್ಯಾಂಡುಗಳಿಗೆ ಮಾಡಿಕೊಡುವಾಗ ವ್ಯತ್ಯಾಸ ಬರುವುದು ಬ್ರ್ಯಾಂಡ್ ಎಷ್ಟು ಹಣ ಕೊಟ್ಟಿತು, ಯಾವ ಪರೀಕ್ಷೆ ಕೇಳಿತು ಎಂಬುದರಿಂದ.

ಪರೀಕ್ಷೆಯ ಮಾತು ಬಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. ‘ಮಿಲಿಟರಿ ದರ್ಜೆ’ ಎಂಬ ಜಾಹೀರಾತಿನ ಹಿಂದಿರುವುದು ಎಂಐಎಲ್-ಎಸ್‌ಟಿಡಿ-810 ಎಂಬ ಅಮೆರಿಕದ ಸೇನೆಯ ಪರೀಕ್ಷಾ ವಿಧಾನಗಳ ಸಂಪುಟ. ಅದರಲ್ಲಿ ಯಾವ ಪರೀಕ್ಷೆ, ಎಷ್ಟು ಕಠಿಣವಾಗಿ ಎಂಬುದನ್ನು ಕಂಪನಿಯೇ ಆರಿಸಿಕೊಳ್ಳುತ್ತದೆ, ಸೇನೆ ಯಾವ ಲ್ಯಾಪ್‌ಟಾಪ್‌ಗೂ ಪ್ರಮಾಣಪತ್ರ ಕೊಡುವುದಿಲ್ಲ. ನಮ್ಮ ಬಿಐಎಸ್ ಗುರುತು, 2012ರ ಆದೇಶದಿಂದ ಲ್ಯಾಪ್‌ಟಾಪ್‌ಗಳಿಗೆ ಕಡ್ಡಾಯವಾದದ್ದು, ವಿದ್ಯುತ್ ಆಘಾತ, ಬೆಂಕಿ ಮುಂತಾದ ಸುರಕ್ಷತೆಗೆ ಸಂಬಂಧಿಸಿದ್ದು. ಅದು ಇದ್ದ ಮಾತ್ರಕ್ಕೆ ಯಂತ್ರ ಬಾಳುತ್ತದೆಂದು ಅರ್ಥವಲ್ಲ.

ಸರಣಿವಾದಿಗಳ ಉತ್ತರದಲ್ಲಿ ಒಂದು ಬಿರುಕಿದೆ. ಬಿಸಿನೆಸ್ ಸರಣಿ ಚೆನ್ನಾಗಿ ಬಾಳುವುದು ಅದು ಗಟ್ಟಿಯಾಗಿರುವುದಕ್ಕೋ, ಅದನ್ನು ಕೊಳ್ಳುವ ಕಚೇರಿಗಳು ಆನ್‌ಸೈಟ್ ಸೇವೆಯ ಕರಾರು ಮಾಡಿಕೊಂಡಿರುವುದಕ್ಕೋ ಎಂದು ಬೇರ್ಪಡಿಸಿ ತೋರಿಸಿದವರು ಕಡಿಮೆ. ಮೂರು ವರ್ಷ ಕಚೇರಿಯಲ್ಲಿ ದುಡಿದು ಅರ್ಧ ಬೆಲೆಗಿಂತ ಕಡಿಮೆಗೆ ಬರುವ ‘ರೀಫರ್ಬಿಶ್ಡ್’ ಲ್ಯಾಟಿಟ್ಯೂಡ್ ಮುಂದೆ ನಾಲ್ಕು ವರ್ಷ ನಡೆಯುವುದನ್ನು ಬಹಳ ಜನ ಕಂಡಿದ್ದಾರೆ. ನನಗೂ ಈ ವಾದದ ಕಡೆಗೇ ಒಲವು. ಆದರೂ ಅದು ಒಲವು, ಲೆಕ್ಕವಲ್ಲ.

ವಾರಂಟಿ ಎಂಬ ಕಾಗದ: ಮೂರು ಸಿದ್ಧಾಂತಗಳು

ಯಂತ್ರದಿಂದ ಕಾಗದದ ಕಡೆಗೆ ಬಂದರೆ ಚರ್ಚೆ ಇನ್ನೂ ಹಳೆಯದು, ಇನ್ನೂ ಆಳವಾದದ್ದು. ವಾರಂಟಿಯನ್ನು ಕಂಪನಿ ಯಾಕೆ ಕೊಡುತ್ತದೆ? ಅದರಲ್ಲಿ ಅಷ್ಟೊಂದು ‘ಅನ್ವಯಿಸುವುದಿಲ್ಲ’ಗಳು ಯಾಕೆ?

ಮೊದಲನೆಯದು ಶೋಷಣೆಯ ಸಿದ್ಧಾಂತ. ಅಮೆರಿಕದ ಕಾನೂನು ವಿದ್ವಾಂಸ ಫ್ರೀಡ್ರಿಕ್ ಕೆಸ್ಲರ್ 1943ರಲ್ಲಿ ಬರೆದ ಲೇಖನ ಇದರ ತಾಯಿಬೇರು. ದೊಡ್ಡ ಕಂಪನಿ ಅಚ್ಚು ಹಾಕಿಸಿದ ಕರಾರನ್ನು ಗ್ರಾಹಕ ಓದುವುದಿಲ್ಲ, ಓದಿದರೂ ಬದಲಾಯಿಸುವ ಶಕ್ತಿ ಇಲ್ಲ. ಸಹಿ ಮಾಡು ಇಲ್ಲವೆ ಬಿಡು. ಹೀಗಾಗಿ ವಾರಂಟಿ ಹಕ್ಕು ಕೊಡುವ ಹೆಸರಿನಲ್ಲಿ ಹಕ್ಕು ಕಿತ್ತುಕೊಳ್ಳುವ ಕಾಗದವಾಗುತ್ತದೆ. 1975ರಲ್ಲಿ ಅಮೆರಿಕ ತಂದ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆಯ ಹಿಂದೆ ಈ ಚಿಂತನೆ ಇತ್ತು.

ಎರಡನೆಯದು ಸಂಕೇತದ ಸಿದ್ಧಾಂತ. ಜಾರ್ಜ್ ಅಕೆರ್‌ಲಾಫ್ 1970ರ ತಮ್ಮ ಹೆಸರಾಂತ ಲೇಖನದಲ್ಲಿ ಹಳೆಯ ಕಾರಿನ ಮಾರುಕಟ್ಟೆ ತೋರಿಸಿ, ಮಾರುವವನಿಗೆ ಗೊತ್ತಿರುವ ಗುಣ ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಒಳ್ಳೆಯ ಮಾಲು ಮಾರುಕಟ್ಟೆ ಬಿಟ್ಟು ಹೋಗುತ್ತದೆ ಎಂದರು. ತೋಷಿಬಾದ ಕಥೆ ಓದುವಾಗ ಈ ಮಾತು ನೆನಪಾಗದೆ ಇರದು. ಇದಕ್ಕೆ ಪರಿಹಾರವಾಗಿ ಮೈಕೆಲ್ ಸ್ಪೆನ್ಸ್ ಮತ್ತಿತರರು ಕಂಡದ್ದು ವಾರಂಟಿಯನ್ನು: ತನ್ನ ಯಂತ್ರ ಕೆಡುವುದಿಲ್ಲ ಎಂದು ಬಲ್ಲವನು ಮಾತ್ರ ಉದ್ದ ವಾರಂಟಿ ಕೊಡಬಲ್ಲ, ಆದ್ದರಿಂದ ಉದ್ದ ವಾರಂಟಿ ಒಳ್ಳೆಯ ಗುಣದ ಗುರುತು. ಸೊಗಸಾದ ತರ್ಕ. ಆದರೆ ನಮ್ಮ ಅಂಗಡಿಗಳಲ್ಲಿ ಮನೆಬಳಕೆಯ ಹೆಚ್ಚಿನ ಲ್ಯಾಪ್‌ಟಾಪ್‌ಗಳಿಗೆ, ಬ್ರ್ಯಾಂಡ್ ಯಾವುದೇ ಇರಲಿ, ಒಂದೇ ವರ್ಷದ ವಾರಂಟಿ. ಎಲ್ಲರೂ ಒಂದೇ ಬಾವುಟ ಹಾರಿಸಿದರೆ ಅದರಿಂದ ಯಾರನ್ನು ಗುರುತಿಸುವುದು?

ಮೂರನೆಯದು ಯೇಲ್‌ನ ಕಾನೂನು ಪತ್ರಿಕೆಯಲ್ಲಿ 1981ರಲ್ಲಿ ಜಾರ್ಜ್ ಪ್ರೀಸ್ಟ್ ಮಂಡಿಸಿದ ಹೂಡಿಕೆಯ ಸಿದ್ಧಾಂತ. ಯಂತ್ರದ ಆಯುಸ್ಸಿಗೆ ತಯಾರಕನೂ ಬಳಸುವವನೂ ಸೇರಿ ದುಡಿಯಬೇಕು. ಯಾವ ಹಾನಿಯನ್ನು ಯಾರು ಕಡಿಮೆ ಖರ್ಚಿನಲ್ಲಿ ತಡೆಯಬಲ್ಲರೋ ಅದರ ಹೊಣೆ ಅವರದ್ದು ಎಂದು ವಾರಂಟಿ ಹಂಚುತ್ತದೆ. ಮದರ್‌ಬೋರ್ಡಿನ ಬೆಸುಗೆ ತಯಾರಕನ ಪಾಲು, ಕಾಫಿ ಚೆಲ್ಲದಂತೆ ನೋಡಿಕೊಳ್ಳುವುದು ಬಳಸುವವನ ಪಾಲು. ಎಲ್ಲವನ್ನೂ ವಾರಂಟಿಗೆ ಸೇರಿಸಿದರೆ ಜೋಪಾನ ಮಾಡುವವರು ಎಸೆದಾಡುವವರ ಖರ್ಚನ್ನೂ ಹೊರಬೇಕಾಗುತ್ತದೆ.

ಮೂರರಲ್ಲಿ ಪ್ರೀಸ್ಟ್‌ರ ವಾದವೇ ವಾರಂಟಿ ಕಾಗದದ ಸಾಲುಸಾಲುಗಳನ್ನು ಚೆನ್ನಾಗಿ ವಿವರಿಸುತ್ತದೆ ಎಂದು ನನಗನ್ನಿಸುತ್ತದೆ. ಆದರೆ ಅದು ನಿಂತಿರುವುದು ಒಂದು ಊಹೆಯ ಮೇಲೆ: ಯಾವ ಹಾನಿ ಯಾರಿಂದ ಆಯಿತು ಎಂಬುದನ್ನು ನ್ಯಾಯವಾಗಿ ತೀರ್ಮಾನಿಸಬಹುದು ಎಂಬುದು. ನಮ್ಮಲ್ಲಿ ಬಹುತೇಕ ವಾರಂಟಿಗಳು ವೋಲ್ಟೇಜ್ ಏರಿಳಿತದಿಂದಾದ ಹಾನಿಯನ್ನು ಹೊರಗಿಡುತ್ತವೆ. ಹಳ್ಳಿಯ ಮನೆಯ ಕರೆಂಟು ಬಳಸುವವನ ಕೈಯಲ್ಲಿದೆಯೆ? ಹಲವು ಕಂಪನಿಗಳು ತಮ್ಮ ಯಂತ್ರ ಕೆಲಸ ಮಾಡುವ ಸುತ್ತಲಿನ ಉಷ್ಣತೆಯ ಮಿತಿಯನ್ನು 35 ಡಿಗ್ರಿ ಸೆಲ್ಸಿಯಸ್ ಎಂದು ಬರೆಯುತ್ತವೆ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಅದು 40 ದಾಟುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೇವ ಬೋರ್ಡಿನ ತಾಮ್ರವನ್ನು ತಿನ್ನುತ್ತದೆ. ಈ ಊರುಗಳಲ್ಲಿ ಅದೇ ಯಂತ್ರವನ್ನು ಅದೇ ಬೆಲೆಗೆ ಮಾರುವಾಗ ಯಾರೂ ಆ ಮಿತಿಯ ಮಾತೆತ್ತುವುದಿಲ್ಲ. ಹವೆಯ ಹೊಣೆಯನ್ನು ಕೊಂಡವನ ಪಾಲಿಗೆ ಹಾಕುವುದು ಹೂಡಿಕೆಯ ಹಂಚಿಕೆಯಲ್ಲ. ಅಲ್ಲಿ ಕೆಸ್ಲರ್ ಹೇಳಿದ್ದೇ ಸರಿ.

ಸರ್ವೀಸ್ ಸೆಂಟರಿನ ಕೌಂಟರಿನಾಚೆ

ಸೇವೆಯ ಬಗ್ಗೆ ಜನರ ಕೋಪವೆಲ್ಲ ಎದುರಿಗೆ ಸಿಗುವ ಹುಡುಗನ ಮೇಲೆ ತಿರುಗುತ್ತದೆ. ಕೌಂಟರಿನಾಚೆಯ ವ್ಯವಸ್ಥೆ ತಿಳಿದರೆ ಕೋಪದ ದಿಕ್ಕು ಬದಲಾಗಬಹುದು. ಹೆಚ್ಚಿನ ‘ಅಧಿಕೃತ ಸೇವಾ ಕೇಂದ್ರ’ಗಳು ಬ್ರ್ಯಾಂಡಿನವಲ್ಲ, ಗುತ್ತಿಗೆ ಪಡೆದ ಬೇರೆ ಸಂಸ್ಥೆಯವು. ಬಿಡಿಭಾಗ ಕಳಿಸುವುದು ಇನ್ನೊಬ್ಬರು, ಫೋನ್ ಎತ್ತುವುದು ಮತ್ತೊಬ್ಬರು. ಜಾಬ್ ಶೀಟ್ ತೆರೆದು ‘ಪಾರ್ಟ್ ಪೆಂಡಿಂಗ್’ ಎಂದು ಬರೆದ ಮೇಲೆ ಎಂಜಿನಿಯರ್ ಕೈಯಲ್ಲಿ ಏನೂ ಇರುವುದಿಲ್ಲ. ಭಾಗ ಕೊಡಬೇಕೋ ಬೇಡವೋ ಎಂಬ ತೀರ್ಮಾನ, ಅವನು ಕಳಿಸಿದ ಫೋಟೊ ನೋಡಿ, ಬೇರೆಲ್ಲೋ ಆಗುತ್ತದೆ. ಅಲ್ಲಿಂದ ‘ಸಿಐಡಿ’ ಎಂಬ ಮೂರು ಅಕ್ಷರ ಬಂದರೆ ಮುಗಿಯಿತು: ಗ್ರಾಹಕನಿಂದಲೇ ಆದ ಹಾನಿ, ವಾರಂಟಿ ಇಲ್ಲ. ಹಿಂಜ್ ಮುರಿದದ್ದು ವಿನ್ಯಾಸದಿಂದಲೋ ಒರಟು ಬಳಕೆಯಿಂದಲೋ ಎಂಬ ಜಗಳ ಹೆಚ್ಚಾಗಿ ಈ ಮೂರು ಅಕ್ಷರದ ಸುತ್ತಲೇ. ತೀರ್ಪು ಕೊಡುವವನು ಖರ್ಚು ಹೊರಬೇಕಾದವನೇ ಆಗಿರುವುದು ಈ ವ್ಯವಸ್ಥೆಯ ಮೂಲ ದೋಷ.

ಬೆಂಗಳೂರಿಗೆ ಈ ಚರಿತ್ರೆಯಲ್ಲಿ ಒಂದು ಜಾಗವಿದೆ. ಡೆಲ್ 2001ರಲ್ಲಿ ಇಲ್ಲಿ ಕಾಲ್ ಸೆಂಟರ್ ತೆರೆದು ಅಮೆರಿಕದ ಗ್ರಾಹಕರ ಕರೆಗಳನ್ನು ಇಲ್ಲಿಂದ ಉತ್ತರಿಸತೊಡಗಿತು. 2003ರ ನವೆಂಬರಿನಲ್ಲಿ ಲ್ಯಾಟಿಟ್ಯೂಡ್ ಮತ್ತು ಆಪ್ಟಿಪ್ಲೆಕ್ಸ್ ಕೊಳ್ಳುವ ದೊಡ್ಡ ಗ್ರಾಹಕರ ದೂರಿನ ನಂತರ ಆ ಕರೆಗಳನ್ನು ಅಮೆರಿಕಕ್ಕೇ ಹಿಂತಿರುಗಿಸಿತು. ಉಚ್ಚಾರಣೆ ಅರ್ಥವಾಗುವುದಿಲ್ಲ, ಬರೆದುಕೊಟ್ಟದ್ದನ್ನೇ ಓದುತ್ತಾರೆ ಎಂಬುದು ದೂರು. ಎರಡು ವರ್ಷದ ನಂತರ, 2005ರಲ್ಲಿ, ಮನೆಗೇ ಬಂದು ರಿಪೇರಿ ಮಾಡುವ ಸೇವೆಗೆ ಹಣ ಕೊಟ್ಟಿದ್ದರೂ ಅದು ಸಿಗದ ಅಮೆರಿಕದ ಪತ್ರಕರ್ತ ಜೆಫ್ ಜಾರ್ವಿಸ್ ಡೆಲ್ ಬಗ್ಗೆ ಬರೆದದ್ದು ದೇಶದ ತುಂಬ ಸುದ್ದಿಯಾಯಿತು. ಅಲ್ಲಿ ಉಚ್ಚಾರಣೆಯ ಪ್ರಶ್ನೆಯೇ ಇರಲಿಲ್ಲ. ಸಾಲಿನ ಈ ತುದಿಯಲ್ಲಿರುವವನಿಗೆ ತೀರ್ಮಾನಿಸುವ ಅಧಿಕಾರ ಕೊಡದೆ ಬರೀ ಮಾತಾಡುವ ಕೆಲಸ ಕೊಟ್ಟರೆ ಅವನು ಬೆಂಗಳೂರಿನವನಾದರೂ ಟೆಕ್ಸಸ್‌ನವನಾದರೂ ಫಲ ಒಂದೇ.

ದೂರದ ಪ್ರಶ್ನೆಯನ್ನು ಯಾವ ಪಟ್ಟಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕ್ಯಾರಿ-ಇನ್ ವಾರಂಟಿ ಎಂದರೆ ಯಂತ್ರವನ್ನು ಕೇಂದ್ರಕ್ಕೆ ಒಯ್ಯಬೇಕು. ಬೆಂಗಳೂರಿನವರಿಗೆ ಅದು ಒಂದು ಮೆಟ್ರೊ ಪ್ರಯಾಣ. ಸಿಂಧನೂರಿನ ಅಥವಾ ಹೊನ್ನಾವರದ ವಿದ್ಯಾರ್ಥಿಗೆ ಒಂದು ದಿನದ ಬಸ್ಸು, ಮತ್ತೆ ತರಲು ಇನ್ನೊಂದು ದಿನ. ಎರಡು ಸಲ ಹೋಗಿ ಬಂದರೆ ವಾರಂಟಿಯ ಬೆಲೆ ಕರಗಿರುತ್ತದೆ. ಆನ್‌ಸೈಟ್ ಸೇವೆ ಕೊಡುವ ಕಂಪನಿ ಸಣ್ಣ ಊರುಗಳಲ್ಲಿ ಒಳ್ಳೆಯ ಹೆಸರು ಗಳಿಸುವುದಕ್ಕೆ ಅದರ ಯಂತ್ರ ಕಡಿಮೆ ಕೆಡುವುದೇ ಕಾರಣವಾಗಬೇಕಿಲ್ಲ. ಕೆಟ್ಟಾಗ ಮನೆಗೆ ಬರುತ್ತಾರೆ ಎಂಬುದೂ ಆಗಿರಬಹುದು. ‘ಒಳ್ಳೆಯ ಕಂಪನಿ’ ಎಂಬ ಮಾತಿನಲ್ಲಿ ಬಾಳಿಕೆ, ಸೇವೆ ಎರಡೂ ಬೆರೆತು ಹೋಗುವುದು ಹೀಗೆ.

ಇನ್ನೊಂದು ನಷ್ಟದ ಬಗ್ಗೆ ವಾರಂಟಿ ಪೂರ್ತಿ ಕೈ ತೊಳೆದುಕೊಳ್ಳುತ್ತದೆ: ಒಳಗಿನ ಕಡತಗಳು. ಮದರ್‌ಬೋರ್ಡಿಗೇ ಸ್ಟೋರೇಜ್ ಬೆಸೆದಿರುವ ಯಂತ್ರಗಳಲ್ಲಿ ಬೋರ್ಡ್ ಬದಲಿಸಿದರೆ ಯಂತ್ರ ಹೊಸದಾಗಿ ಬರುತ್ತದೆ, ಪಿಎಚ್‌.ಡಿ. ಪ್ರಬಂಧ ಬರುವುದಿಲ್ಲ.

ಆಯೋಗದ ಬಾಗಿಲು

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ ಬಂದ 2019ರ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ವಸ್ತುವಿನ ‘ದೋಷ’, ಸೇವೆಯ ‘ಕೊರತೆ’ ಎರಡಕ್ಕೂ ಅದರಲ್ಲಿ ಪರಿಹಾರ ಕೇಳಬಹುದು. ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ಎರಡು ವರ್ಷದ ಕಾಲಮಿತಿ ಇದೆ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಸಹಾಯವಾಣಿ ಕಂಪನಿಗೆ ದೂರು ತಲುಪಿಸುತ್ತದೆ. ಸಣ್ಣ ತಕರಾರುಗಳಿಗೆ ಮೊದಲು ಹಿಡಿಯಬೇಕಾದ ದಾರಿ ಅದೇ.

ಕಷ್ಟ ಬರುವುದು ಸಾಕ್ಷ್ಯದಲ್ಲಿ. ಯುರೋಪಿನ ಒಕ್ಕೂಟದಲ್ಲಿ ಮಾರಿದವನ ಮೇಲೆ ಕನಿಷ್ಠ ಎರಡು ವರ್ಷದ ಶಾಸನಬದ್ಧ ಹೊಣೆ ಇದೆ. ಮೊದಲ ವರ್ಷ ಕಾಣಿಸಿಕೊಂಡ ದೋಷ ಮಾರುವಾಗಲೇ ಇತ್ತು ಎಂದು ಕಾನೂನು ಎಣಿಸುತ್ತದೆ. ಅಲ್ಲ ಎಂದು ಮಾರಿದವನು ಸಾಧಿಸಬೇಕು. ನಮ್ಮ ಕಾಯ್ದೆಯಲ್ಲಿ ಅಂಥ ಮಾತಿಲ್ಲ. ಪ್ರಯೋಗಾಲಯದ ಪರೀಕ್ಷೆಗೆ ಅವಕಾಶವಿದೆ. ಆದರೆ ಐವತ್ತು ಸಾವಿರದ ಯಂತ್ರಕ್ಕೆ ತಜ್ಞರ ವರದಿ ಹುಡುಕಿಕೊಂಡು ಹೋಗುವವರು ಎಷ್ಟು ಜನ? ಮೇಲಾಗಿ, ಮಾರುತಿ ಉದ್ಯೋಗ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ವಾರಂಟಿಯ ಷರತ್ತು ಭಾಗ ಬದಲಿಸುವುದಷ್ಟೇ ಆಗಿದ್ದರೆ ಇಡೀ ವಾಹನ ಬದಲಿಸಿಕೊಡಿ ಎನ್ನಲಾಗದು ಎಂದಿತು. ಮೂರು ಸಲ ಬೋರ್ಡ್ ಬದಲಿಸಿದ ಲ್ಯಾಪ್‌ಟಾಪ್‌ಗೂ ಇದೇ ತರ್ಕವನ್ನು ಎದುರಿಗೆ ಹಿಡಿಯುತ್ತಾರೆ. ಮನೆಯಲ್ಲಿ ಡಿಟಿಪಿ ಕೆಲಸ ಮಾಡಿ ಹೊಟ್ಟೆ ಹೊರೆಯುವವರು ‘ವಾಣಿಜ್ಯ ಉದ್ದೇಶ’ದ ಆಕ್ಷೇಪಕ್ಕೆ ಹೆದರಬೇಕಿಲ್ಲ, ಸ್ವಂತ ಜೀವನೋಪಾಯಕ್ಕೆ ಕೊಂಡವರೂ ಗ್ರಾಹಕರೇ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿದೆ.

ಬಿಚ್ಚುವ ಹಕ್ಕು

ಕೆಡುವುದನ್ನು ತಡೆಯಲಾಗದಿದ್ದರೆ ರಿಪೇರಿಯನ್ನಾದರೂ ಸುಲಭ ಮಾಡಿ ಎನ್ನುವುದು ಇತ್ತೀಚಿನ, ಈಗ ಹೆಚ್ಚು ಬಲ ಪಡೆಯುತ್ತಿರುವ ವಾದ. ಫ್ರಾನ್ಸ್ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರುವಾಗ ಹತ್ತಕ್ಕೆ ಎಷ್ಟು ಅಂಕ ಎಂಬ ರಿಪೇರಿ ಸೂಚ್ಯಂಕ ತೋರಿಸುವುದನ್ನು ಕಡ್ಡಾಯ ಮಾಡಿತು. ಬಿಚ್ಚುವ ಸುಲಭತೆ, ಬಿಡಿಭಾಗದ ಲಭ್ಯತೆ ಮತ್ತು ಬೆಲೆ, ಕೈಪಿಡಿ ಇವುಗಳಿಗೆ ಅಂಕ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಆರು ಕಂಪನಿಗಳಿಗೆ ಪತ್ರ ಬರೆದು, ‘ಈ ಸ್ಟಿಕರ್ ಕಿತ್ತರೆ ವಾರಂಟಿ ಇಲ್ಲ’ ಎಂಬಂಥ ಷರತ್ತುಗಳು ಕಾನೂನಿಗೆ ಒಪ್ಪುವಂಥವಲ್ಲ ಎಂದು ಎಚ್ಚರಿಸಿತು.

ಭಾರತದಲ್ಲಿ ಈ ವಾದ ಮೊದಲು ಗೆದ್ದದ್ದು ಕಾರುಗಳ ವಿಷಯದಲ್ಲಿ. 2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗವನ್ನು ಹೊರಗೆ ಸಿಗದಂತೆ ಹಿಡಿದಿಟ್ಟದ್ದಕ್ಕೆ ಆ ದಂಡ. ಹೊರಗಿನ ಮೆಕ್ಯಾನಿಕ್ ಮುಟ್ಟಿದನೆಂಬ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬಾರದು ಎಂದೂ ಹೇಳಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಸಮಿತಿ ರಚಿಸಿತು, ಅದೇ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣ ತೆರೆಯಿತು. ರಿಪೇರಿ ಸೂಚ್ಯಂಕದ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಾಗ ಮೊದಲ ಹಂತಕ್ಕೆ ಆರಿಸಿದ್ದು ಸ್ಮಾರ್ಟ್‌ಫೋನು, ಟ್ಯಾಬ್ಲೆಟ್‌ಗಳನ್ನು. ಲ್ಯಾಪ್‌ಟಾಪ್ ಕಾಯಬೇಕು.

ಇನ್ನೂ ಇತ್ಯರ್ಥವಾಗದವು

ಬಿಚ್ಚಲು ಬರುವ ಯಂತ್ರ ಹೆಚ್ಚು ಬಾಳುತ್ತದೆಯೆ ಎಂಬುದೇ ಮೊದಲ ಬಗೆಹರಿಯದ ಪ್ರಶ್ನೆ. ರ‍್ಯಾಮನ್ನು ಬೋರ್ಡಿಗೆ ಬೆಸೆದರೆ ಸಡಿಲವಾಗುವ ಕನೆಕ್ಟರ್ ಇರುವುದಿಲ್ಲ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ ಎಂದು ಎಂಜಿನಿಯರುಗಳು ಹೇಳುವುದರಲ್ಲಿ ಸತ್ಯವಿದೆ. ಒಂದು ಚಿಪ್ ಕೆಟ್ಟರೆ ಇಡೀ ಬೋರ್ಡ್ ಎಸೆಯಬೇಕು ಎಂದು ರಿಪೇರಿಯವರು ಹೇಳುವುದರಲ್ಲೂ ಸತ್ಯವಿದೆ. 2024ರಲ್ಲಿ ಬಂದ ಎಲ್‌ಪಿಕ್ಯಾಮ್2 ಎಂಬ ಕಳಚಬಹುದಾದ ಹೊಸ ಬಗೆಯ ರ‍್ಯಾಮ್ ಈ ಎರಡನ್ನೂ ಹೊಂದಿಸುವ ಯತ್ನ. ಅಗ್ಗದ ಯಂತ್ರಗಳಿಗೆ ಅದು ಇಳಿಯುವುದೋ ಇಲ್ಲವೋ ನೋಡಬೇಕು.

ಕಡ್ಡಾಯ ಎರಡು ವರ್ಷದ ಹೊಣೆಯನ್ನು ನಮ್ಮಲ್ಲಿ ತಂದರೆ ಬೆಲೆ ಎಷ್ಟು ಏರೀತು, ಅದನ್ನು ಯಾರು ಹೊತ್ತಾರು ಎಂಬುದು ಎರಡನೆಯದು. ಪ್ರೀಸ್ಟ್‌ರ ತರ್ಕ ಹಿಡಿದವರು ಬಡ ಗ್ರಾಹಕನೇ ಹೊರಬೇಕಾದೀತು ಎನ್ನುತ್ತಾರೆ. ಹೊಣೆ ಬಿದ್ದರೆ ಕಂಪನಿ ಗಟ್ಟಿ ಹಿಂಜ್ ಹಾಕುತ್ತದೆ, ಖರ್ಚು ತಾನಾಗಿ ಇಳಿಯುತ್ತದೆ ಎನ್ನುವುದು ಎದುರುವಾದ. ಎರಡರಲ್ಲಿ ಯಾವುದು ನಿಜ ಎಂಬುದು ಕೆಡುವ ಪ್ರಮಾಣ ಗೊತ್ತಿದ್ದರೆ ಮಾತ್ರ ಹೇಳಬಹುದಾದದ್ದು.

ಮೂರನೆಯದು ಸಾಫ್ಟ್‌ವೇರಿನಿಂದ ಬರುವ ಸಾವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹಿಂಜ್, ಬೋರ್ಡ್, ಪರದೆ ಎಲ್ಲ ಸರಿಯಿರುವ ಅಸಂಖ್ಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಇದನ್ನು ಕೆಟ್ಟದ್ದೆಂದು ಎಣಿಸಬೇಕೆ? ಎಣಿಸಿದರೆ ಹೊಣೆ ಲ್ಯಾಪ್‌ಟಾಪ್ ಮಾಡಿದವನದ್ದೋ, ಸಾಫ್ಟ್‌ವೇರ್ ಮಾಡಿದವನದ್ದೋ? ಯಾವ ವಾರಂಟಿಯೂ ಇದಕ್ಕೆ ಉತ್ತರ ಹೇಳುವುದಿಲ್ಲ.

ಎಲ್ಲಕ್ಕೂ ತಳದಲ್ಲಿರುವುದು ಲೆಕ್ಕದ ಪ್ರಶ್ನೆ. ಬ್ರ್ಯಾಂಡ್ ಎಷ್ಟು ಕಾರಣ, ಸರಣಿ ಎಷ್ಟು, ಹವೆ ಮತ್ತು ಕರೆಂಟು ಎಷ್ಟು, ಬಳಸುವ ಕೈ ಎಷ್ಟು ಎಂಬುದನ್ನು ಬೇರ್ಪಡಿಸಿದ ತೆರೆದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಕಂಪನಿಗಳು ತಾವಾಗಿ ಕೊಡುವ ಲಕ್ಷಣವೂ ಇಲ್ಲ. ಆದರೆ ರಾಜ್ಯ ಸರ್ಕಾರಗಳು ವಿದ್ಯಾರ್ಥಿಗಳಿಗೆ ಹಂಚಲು ಒಂದೇ ಮಾದರಿಯ ಯಂತ್ರಗಳನ್ನು ಸಾವಿರ, ಲಕ್ಷದ ಲೆಕ್ಕದಲ್ಲಿ ಕೊಂಡಿವೆ. ಕರ್ನಾಟಕ ಪದವಿ ವಿದ್ಯಾರ್ಥಿಗಳಿಗೆ, ತಮಿಳುನಾಡು ಶಾಲಾ ಮಕ್ಕಳಿಗೆ ಕೊಟ್ಟಿವೆ. ಒಂದೇ ಯಂತ್ರ, ಒಂದೇ ತಿಂಗಳು, ಬೀದರಿನಿಂದ ಮಂಗಳೂರಿನವರೆಗೆ ಎಲ್ಲ ಹವೆಯಲ್ಲೂ ಬಳಕೆ: ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವ ವಿಶ್ವವಿದ್ಯಾಲಯಕ್ಕೂ ಸಿಗದು. ಮುಂದಿನ ಟೆಂಡರಿನಲ್ಲಿ, ಬಂದ ದೂರು, ಬದಲಿಸಿದ ಭಾಗ, ತೆಗೆದುಕೊಂಡ ದಿನ ಇವನ್ನು ಜಿಲ್ಲಾವಾರು ಪ್ರಕಟಿಸಬೇಕು ಎಂಬ ಒಂದು ಷರತ್ತು ಸೇರಿಸಲು ಹೊಸ ಕಾನೂನು ಬೇಕಿಲ್ಲ. ಆ ಅಂಕಿಗಳು ಬಂದಾಗ ಬ್ರ್ಯಾಂಡಿನವರ ವಾದ ಉಳಿಯುತ್ತದೋ, ಸರಣಿಯವರದ್ದೋ, ಅಥವಾ ಇಬ್ಬರೂ ಅಂದುಕೊಳ್ಳದ ಕಾರಣವೊಂದು ಮೇಲೆ ಬರುತ್ತದೋ, ಈಗ ಯಾರೂ ಹೇಳಲಾರರು.